ಡ್ಯಾಶ್‌ಬೋರ್ಡಿನ ಮೇಲಿನ 7.41

"ನಿಲ್ಲಿಸಿ! ನಿಲ್ಲಿಸಿ!"

ಹಳದಿ ದೀಪ ಇನ್ನೇನು ಹತ್ತಬೇಕು... ಜೋಸಿಯ ಎಡಗಾಲು ಕ್ಲಚ್ಚನ್ನು ಒತ್ತಿ ಹಿಡಿದಿತ್ತು, ಎಂಜಿನ್ನಿನ ಆರ್ಭಟಕ್ಕೆ ಎದೆಗೂಡೆಲ್ಲ ಅದುರುತ್ತಿತ್ತು. ಅಷ್ಟರಲ್ಲಿ ಒಬ್ಬ ಮನುಷ್ಯ ಓಡಿ ಬಂದು ಅವಳ ಕಾರಿನ ಎದುರಿಗೇ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟ!

ಹೊರಡಲು ತುದಿಗಾಲಲ್ಲಿ ನಿಂತಿರುವ ರೇಸ್ ಕಾರಿನ ಮುಂದೆ ಬುದ್ಧಿ ಇದ್ದವರು ಯಾರಾದರೂ ಹಾಗೆ ನಿಲ್ಲುತ್ತಾರಾ?

ಜೋಸಿ ಎಂಜಿನ್ ಆರಿಸಿದಳು. ಬೇಲಿಯ ಆಚೆ ಕೂತಿದ್ದ ಮುನ್ನೂರು ಜನರೂ ಒಮ್ಮೆಲೇ ಸುಮ್ಮನಾದರು. ಹೆಲ್ಮೆಟ್ ಕಿತ್ತು ಸೀಟಿನ ಮೇಲೆ ಎಸೆದು ಕೆಳಗಿಳಿದಳು. ಅವಮಾನಕ್ಕೆ ಕಿವಿ ಕಾದುಹೋಗಿತ್ತು.

"ಏನ್ರೀ ನಿಮ್ಮ ತೊಂದರೆ? ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

ಅವನು ಮಂಡಿಯೂರಿ ಕಾರಿನ ಕೆಳಗೆ ಕೈ ಚಾಚಿ, ಒಂದು ಬೆರಳನ್ನು ಅವಳ ಮುಖದ ಮುಂದೆ ಹಿಡಿದ. ಬೆರಳ ತುದಿಯಲ್ಲಿ ಒಂದೇ ಒಂದು ಹನಿ ಎಣ್ಣೆ.

"ಗೇರ್‌ಬಾಕ್ಸಿನ ಹಿಂದಿನ ಸೀಲ್ ಹೋಗಿದೆ. ಇದು ಟೈರಿಗೆ ತಾಗಿದ್ದಿದ್ರೆ ನೀವು ಈಗ ಆ ಗೋಡೆ ಜೊತೆ ಮಾತಾಡ್ತಾ ಇರ್ತಿದ್ರಿ."

ಜೋಸಿ ಬಗ್ಗಿ ಆ ಬೆರಳನ್ನೇ ನೋಡಿದಳು. ಇಷ್ಟು ಹೊಗೆಯಲ್ಲಿ, ಇಷ್ಟು ಗದ್ದಲದಲ್ಲಿ, ಒಂದು ಹನಿಯನ್ನು ಇವನು ಹೇಗೆ ಕಂಡ?!

"ನೋಡಿದ್ಯೇನೇ ಹುಡುಗಿ?" ಬೇಲಿಯ ಕಡೆಯಿಂದ ಸಾಲ್ವು ಚಿಕ್ಕಪ್ಪನ ನಗು ಕೇಳಿಸಿತು. "ನನ್ನನ್ನ ಬಿಚ್ಚಿ ತಿಪ್ಪೆಗೆ ಹಾಕಿ ಅಂತ ಗೇರ್‌ಬಾಕ್ಸೇ ಅಳ್ತಾ ಇದೆ!"

ಜನ ನಕ್ಕರು. ಜೋಸಿ ಹಲ್ಲು ಕಚ್ಚಿ ಕಾರನ್ನು ತಳ್ಳಲು ಹೋದಳು. ಹಿಂದಿನಿಂದ ಇನ್ನೊಂದು ಜೊತೆ ಕೈ ಸೇರಿ ತಳ್ಳತೊಡಗಿತು. ಅದೇ ಮನುಷ್ಯ!

"ನಿಮ್ಮ ಸಹಾಯ ಬೇಕಾಗಿಲ್ಲ."

"ಸರಿ," ಎಂದ ಅವನು, ತಳ್ಳುತ್ತಲೇ. "ಆದ್ರೆ ಒಂದು ಹೇಳ್ತೀನಿ. ಸೀಲ್ ಸರಿ ಇದ್ದಿದ್ರೂ ನೀವು ಇವತ್ತು 7.8 ಸೆಕೆಂಡಿನ ಒಳಗೆ ಬರ್ತಿರಲಿಲ್ಲ. ಹೊರಡೋ ಮುಂಚೆ ನಿಮ್ಮ ಹಿಂದಿನ ಚಕ್ರ ಎರಡೂವರೆ ಸುತ್ತು ಸುಮ್ಮನೆ ತಿರುಗತ್ತೆ."

"ಅರ್ಧ ಸುತ್ತನ್ನೂ ಎಣಿಸಿದ್ರಾ?!"

"ಹತ್ತು ವರ್ಷದಿಂದ ಈ ಚಕ್ರಗಳ ಪಕ್ಕದಲ್ಲೇ ಕೂತಿದ್ದೀನಿ. ಎಣಿಸೋದು ಬಿಟ್ಟು ಇನ್ನೇನು ಮಾಡ್ಲಿ?"

ಅವನ ಹೆಸರು ನೋಯಲ್ ಸ್ಯಾಂಟೊ. ಮಕಾಯ್ ಊರಿನ ಸಕ್ಕರೆ ಮಿಲ್ಲಿಗೆ ಕಬ್ಬು ಹೊರುವ ಪುಟ್ಟ ರೈಲಿನ ಚಾಲಕ. ಅವನ ಮುತ್ತಜ್ಜ ಇದೇ ಕಬ್ಬು ಕಡಿಯಲು ದೂರದ ದ್ವೀಪವೊಂದರಿಂದ ಹಡಗಿನಲ್ಲಿ ಬಂದವನು. ವಾರವೆಲ್ಲ ರೈಲು, ಭಾನುವಾರ ಮಾತ್ರ ಕಬ್ಬಿನ ಗದ್ದೆಗಳ ನಡುವಿನ ಈ ಇನ್ನೂರು ಮೀಟರ್ ರೇಸ್ ಪಟ್ಟಿ. ಕಾರುಗಳನ್ನು ಗೆರೆಗೆ ತಂದು ನಿಲ್ಲಿಸುವುದು, ಟೈರಿನ ಕೆಳಗೆ ಕಣ್ಣಿಡುವುದು ಅವನ ಕೆಲಸ. ಸಂಬಳವಿಲ್ಲ, ಊಟ ಮಾತ್ರ. ಜೋಸಿ ಅವನನ್ನು ಹೊಗೆಯ ನಡುವೆ ದೂರದಿಂದ ಕಂಡಿದ್ದಳಷ್ಟೇ, ಮಾತಾಡಿರಲಿಲ್ಲ.

ಇನ್ನು ನಮ್ಮ ಜೋಸಿ. ಪೂರ್ತಿ ಹೆಸರು ಜೋಸೆಟ್ ಗ್ರೆಕ್, ವಯಸ್ಸು ಇಪ್ಪತ್ತಾರು. ಅದೇ ಮಿಲ್ಲಿನ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವವಳು. ಮಾಲ್ಟಾದಿಂದ ಬಂದು ಕಬ್ಬು ಬೆಳೆದ ಕುಟುಂಬ, ಅಂದಮೇಲೆ ಹಟದ ವಿಷಯ ಕೇಳುವುದೇ ಬೇಡ!

ಕಾರು ಅವಳ ಅಪ್ಪ ಚೆನ್ಸು ಗ್ರೆಕ್‌ದು. ನಂಬರ್ 27, ಕಿತ್ತಳೆ ಬಣ್ಣದ ಹಳೇ ಟೊರಾನಾ. ಕೈಯಲ್ಲೇ ಹಾಕಬೇಕಾದ ನಾಲ್ಕು ಗೇರು. ಅಪ್ಪ ಹೋಗಿ ಎರಡು ವರ್ಷವಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅವರ ಕೈಯಲ್ಲೇ ಬರೆದ ಒಂದು ಸಂಖ್ಯೆ ಮಾತ್ರ ಉಳಿದಿತ್ತು.

7.41.

ಇನ್ನೂರು ಮೀಟರಿಗೆ ಏಳು ಸೆಕೆಂಡು, ಅದರ ಮೇಲೆ ಸೆಕೆಂಡಿನ ನೂರರಲ್ಲಿ ನಲವತ್ತೊಂದು ಪಾಲು. ಊರಿನಲ್ಲಿ ಕೈಗೇರಿನ ಕಾರು ಯಾವುದೂ ಅದನ್ನು ಮುಟ್ಟಿರಲಿಲ್ಲ.

ಕಾರಿನಲ್ಲಿ ಅರ್ಧ ಪಾಲು ಸಾಲ್ವು ಚಿಕ್ಕಪ್ಪನದು, ಅಣ್ಣತಮ್ಮ ಇಬ್ಬರೂ ಸೇರಿ ಕೊಂಡದ್ದು. ಆತ ಹಟ ಹಿಡಿದಿದ್ದ. "ಈ ಕಾಲದಲ್ಲಿ ಕೈಗೇರು ಯಾರಿಗೆ ಬೇಕು? ಕಿತ್ತು ಆಟೋಮ್ಯಾಟಿಕ್ ಹಾಕೋಣ. ನಾನೇ ಓಡಿಸ್ತೀನಿ." ಜೋಸಿ ಕಾಲಿಗೆ ಬೀಳುವಷ್ಟು ಬೇಡಿಕೊಂಡಿದ್ದಳು. ಕೊನೆಗೆ ಒಂದು ಒಪ್ಪಂದವಾಗಿತ್ತು. ಸೆಪ್ಟೆಂಬರ್ ಕೊನೆಯ ಭಾನುವಾರದ ರೇಸಿನೊಳಗೆ, ಒಂದು ಬೋಲ್ಟನ್ನೂ ಬದಲಿಸದೆ, ಅದೇ ನಾಲ್ಕು ಗೇರಿನಲ್ಲಿ ಅವಳು ಅಪ್ಪನ 7.41 ಮುರಿಯಬೇಕು. ಮುರಿಯದಿದ್ದರೆ ಸೋಮವಾರ ಬೆಳಿಗ್ಗೆ ಗೇರ್‌ಬಾಕ್ಸ್ ಹೊರಗೆ.

ಅಪ್ಪನ ಅಂಗೈ ಸವೆಸಿದ ಆ ಗೇರಿನ ಗುಬುಟು, ಅಪ್ಪನ ಎಡಗಾಲು ಒತ್ತಿದ ಆ ಕ್ಲಚ್... ಅವೂ ಹೋದರೆ ಅಪ್ಪ ಎರಡನೇ ಸಲ ಹೋದ ಹಾಗೆ ಅಂತ ಅವಳಿಗೆ ಅನ್ನಿಸುತ್ತಿತ್ತು.

ಆಗಿನ್ನೂ ಜುಲೈ. ಅವಳ ಅತ್ಯುತ್ತಮ ಸಮಯ 7.83.

* * *

ಮೂರನೇ ದಿನ ಲ್ಯಾಬಿನ ಕಿಟಕಿಯ ಮೇಲೆ ಒಂದು ರಬ್ಬರ್ ಸೀಲ್ ಬಂದು ಕೂತಿತು. ಅದರ ಹಿಂದೆ ನೋಯಲ್‌ನ ಮುಖ.

"ಇದು ಸರಿಹೋಗತ್ತೆ ನೋಡಿ."

ಜೋಸಿ ಸೀಲನ್ನೂ ಅವನನ್ನೂ ನೋಡಿದಳು. ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಆ ಎರಡೂವರೆ ಸುತ್ತು ಮೂರು ದಿನದಿಂದ ತಲೆಯೊಳಗೆ ತಿರುಗುತ್ತಲೇ ಇತ್ತಲ್ಲ!

"ಅದು... ಆ ಎರಡೂವರೆ ಸುತ್ತು... ಇಲ್ಲದ ಹಾಗೆ ಮಾಡೋದು ಹೇಗೆ?"

ಅವನು ನಕ್ಕ. ಕಪ್ಪು ಮುಖದಲ್ಲಿ ಆ ನಗು ಎಷ್ಟು ಚೆನ್ನಾಗಿದೆ ಅಂತ ಅವಳ ಮನಸ್ಸು ಅವಳನ್ನು ಕೇಳದೆಯೇ ಗಮನಿಸಿಬಿಟ್ಟಿತು.

"ನಾಳೆ ಬೆಳಿಗ್ಗೆ ಆರಕ್ಕೆ ಯಾರ್ಡಿಗೆ ಬನ್ನಿ. ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ."

ಮಿಲ್ಲಿನವಳೇ ಆದ್ದರಿಂದ ಯಾರ್ಡಿನ ಮೇಲ್ವಿಚಾರಕರು ಒಂದು ಟ್ರಿಪ್ಪಿಗೆ ಒಪ್ಪಿದರು. ಬೆಳಗಿನ ಚಳಿ, ಹಳಿಗಳ ಮೇಲೆಲ್ಲ ಇಬ್ಬನಿ. ಎಂಜಿನ್ನಿನ ಹಿಂದೆ ಕಬ್ಬು ತುಂಬಿದ ತೊಟ್ಟಿಗಳು ನೂರಕ್ಕೂ ಮೇಲೆ. ಜೋಸಿ ಕಿಟಕಿಯಿಂದ ಬಗ್ಗಿ ನೋಡಿದಳು. ಸಾಲಿನ ಕೊನೆಯೇ ಕಾಣಲಿಲ್ಲ.

"ಇಷ್ಟು ಭಾರ... ಒದ್ದೆ ಹಳಿ ಮೇಲೆ... ಇಷ್ಟು ಚಿಕ್ಕ ಎಂಜಿನ್ ಎಳೆಯತ್ತಾ?!"

"ಒಮ್ಮೆಲೇ ಎಳೆದ್ರೆ ಎಳೆಯಲ್ಲ. ಚಕ್ರ ಅಲ್ಲೇ ಗಿರಗಿರ ತಿರುಗತ್ತೆ, ನಿಮ್ಮ ಕಾರಿನ ಹಾಗೆ." ಅವನು ಅವಳ ಕಡೆ ತಿರುಗಿದ. "ಕಣ್ಣು ಮುಚ್ಚಿ. ಕಿವಿ ಬೇಡ, ಪಾದದಲ್ಲಿ ಕೇಳಿ."

ಅವಳು ಕಣ್ಣು ಮುಚ್ಚಿದಳು.

ಅವನು ಹಿಡಿಯನ್ನು ಒಂದು ಕೂದಲೆಳೆಯಷ್ಟು ಸರಿಸಿದ. ಎಂಜಿನ್ ಮುಂದೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಹಿಂದೆ... ಟಕ್. ಮತ್ತೊಂದು ಟಕ್. ಟಕ್, ಟಕ್, ಟಕ್... ಒಂದೊಂದೇ ಕೊಂಡಿ ಬಿಗಿಯಾಗುತ್ತ ಆ ಸದ್ದು ದೂರ ದೂರಕ್ಕೆ, ಕಬ್ಬಿನ ಗದ್ದೆಯ ಆಚೆಯವರೆಗೂ ಓಡಿತು. ಕೊನೆಯ ತೊಟ್ಟಿಯ ಟಕ್ ಅವಳ ಅಂಗಾಲಿಗೆ ಬಂದು ತಲುಪಿತು.

ಅದೇ ಕ್ಷಣ ಅವನು ಬಲ ಕೊಟ್ಟ.

ಒಂದೇ ಒಂದು ಚಕ್ರವೂ ಜಾರಲಿಲ್ಲ! ಸಾವಿರ ಆನೆಯ ಭಾರ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಹೊರಟುಬಿಟ್ಟಿತು. ಜೋಸಿಯ ಮೈ ಜುಮ್ಮೆಂದಿತು. ಕಣ್ಣು ತೆರೆದಾಗ ಅವಳಿಗೆ ಅಳುವೇ ಬಂದಂತಾಗಿತ್ತು, ಯಾಕೆಂದು ಅವಳಿಗೂ ತಿಳಿಯಲಿಲ್ಲ.

"ಮೊದಲು ಸಡಿಲ ತೆಗೀಬೇಕು, ಆಮೇಲೆ ಬಲ ಕೊಡಬೇಕು," ಎಂದ ನೋಯಲ್. "ನಿಮ್ಮ ಕಾರಲ್ಲೂ ಹೀಗೇನೇ. ಕ್ಲಚ್ಚಿಂದ ಚಕ್ರದ ತನಕ ಎಷ್ಟೊಂದು ಸಂದು, ಎಷ್ಟೊಂದು ಹಲ್ಲು. ನೀವು ಎಂಜಿನ್ನನ್ನ ಕಿರುಚಿಸಿ ಕ್ಲಚ್ಚನ್ನ ಒದ್ದು ಬಿಡ್ತೀರ. ಪಾಪ, ಚಕ್ರಕ್ಕೆ ಹೊಡೆತ ಬೀಳತ್ತೆ, ಜಾರತ್ತೆ. ದೀಪಕ್ಕೆ ಮುಂಚೆ ಕ್ಲಚ್ಚನ್ನ ಕಚ್ಚೋ ಜಾಗಕ್ಕೆ ತನ್ನಿ. ಕಾರು ಒಂದು ಚೂರು ಮೈ ಬಿಗಿ ಮಾಡತ್ತೆ. ಅದು ನಿಮ್ಮ ಬೆನ್ನಿಗೆ ಗೊತ್ತಾಗಬೇಕು. ಆಮೇಲೆ ಹೊರಡಿ."

"ಇಷ್ಟೇನಾ?"

"ಇಷ್ಟೇ. ಕಲಿಯೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು."

"ನನ್ನ ಹತ್ರ ಎರಡೂವರೆ ತಿಂಗಳಿದೆ ಮಾರಾಯ!"

ಮಾರಾಯ ಅಂದದ್ದು ಅವಳಿಗೆ ಆಮೇಲೆ ಹೊಳೆಯಿತು. ಅವನಿಗೆ ಆಗಲೇ ಹೊಳೆದಿತ್ತು.

* * *

ಅಲ್ಲಿಂದ ಪ್ರತಿ ಭಾನುವಾರ ಪಾಠ. ಮೊದಲ ವಾರ 7.74. ಎರಡು ವಾರ ಕಳೆದು 7.66.

ಗೆರೆಯ ಬಳಿ ಎರಡು ಪುಟ್ಟ ದೀಪಗಳಿರುತ್ತವೆ. ಮುಂದಿನ ಚಕ್ರ ಎರಡನೆಯದನ್ನು ಹತ್ತಿಸಿದರೆ ಕಾರು ಸಿದ್ಧ ಅಂತ ಲೆಕ್ಕ. ದೀಪ ಆರಿಬಿಟ್ಟೀತೆಂಬ ಭಯಕ್ಕೆ ಜೋಸಿ ಅದು ಹತ್ತಿದ ಮೇಲೂ ಒಂದು ಗೇಣು ಮುಂದೆ ಹೋಗಿ ನಿಲ್ಲಿಸುತ್ತಿದ್ದಳು.

"ದೀಪ ಹತ್ತಿದ ತಕ್ಷಣ ನಿಲ್ಲು," ಎಂದ ನೋಯಲ್. "ಚಕ್ರ ಅಲ್ಲಿಂದ ಸರಿದ ಮೇಲೇನೇ ಗಡಿಯಾರ ಶುರುವಾಗೋದು. ಆ ಒಂದು ಗೇಣು ನಿನಗೆ ಬಿಟ್ಟಿ ಓಟ. ಮನೆಗೆ ಬಂದ ಲಕ್ಷ್ಮೀನ ಯಾಕೆ ಒದೀತೀಯ?"

ಗೇರಿನ ಪಾಠ ಇನ್ನೂ ಕಷ್ಟದ್ದಾಗಿತ್ತು. ಅವಳು ಗುಬುಟನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು. ಎರಡರಿಂದ ಮೂರಕ್ಕೆ ಹೋಗುವಾಗ ಪ್ರತಿ ಸಲ ಕರ್ರ್ ಎನ್ನುತ್ತಿತ್ತು.

"ಕತ್ತು ಹಿಸುಕ್ತಾ ಇದ್ದೀಯಲ್ಲೇ ಪಾಪದ್ದನ್ನ! ಅಂಗೈ ಬಿಚ್ಚು. ಸುಮ್ನೆ ಮೇಲಕ್ಕೆ ತಳ್ಳು, ಅದರ ದಾರಿ ಅದಕ್ಕೆ ಗೊತ್ತು."

"ಯಾವಾಗ ತಳ್ಳೋದು? ಮುಳ್ಳು ಕೆಂಪಿಗೆ ಬಂದ ಮೇಲೆ ತಾನೇ?"

"ಮುಳ್ಳು ನೋಡಬೇಡ. ಕೆಂಪಿಗೆ ಬರೋ ಹೊತ್ತಿಗೆ ಎಂಜಿನ್ ಬರೀ ಕೂಗ್ತಾ ಇರತ್ತೆ, ಎಳೀತಾ ಇರಲ್ಲ."

ಜೋಸಿ ತಟ್ಟನೆ ತಲೆಯೆತ್ತಿದಳು. ಇದು ಅವಳಿಗೆ ಗೊತ್ತಿದ್ದ ವಿಷಯ! ಕಬ್ಬು ಕೂಡ ಹಾಗೇ ಅಲ್ಲವೇ? ಸಿಹಿ ಏರುತ್ತ ಏರುತ್ತ ಒಂದು ದಿನ ತುದಿ ಮುಟ್ಟುತ್ತದೆ. ಆ ದಿನ ಕಡಿಯದೆ ಬಿಟ್ಟರೆ ಗದ್ದೆಯಲ್ಲಿ ಎತ್ತರವೇನೋ ಕಾಣುತ್ತದೆ, ಒಳಗೆ ಸಿಹಿ ಇಳಿದಿರುತ್ತದೆ. ದಿನವೂ ಅದನ್ನೇ ಅಳೆಯುವ ತನಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ!

ಮುಂದಿನ ಓಟದಲ್ಲಿ ಮುಳ್ಳನ್ನು ನೋಡಲೇ ಇಲ್ಲ. ಎಳೆತ ತುದಿ ಮುಟ್ಟಿದ್ದು ಬೆನ್ನಿಗೆ ಗೊತ್ತಾದ ಕೂಡಲೇ ಅಂಗೈಯಲ್ಲಿ ತಳ್ಳಿದಳು. ಗೇರು ಬೆಣ್ಣೆಯೊಳಗೆ ಚಾಕು ಇಳಿದಂತೆ ಇಳಿಯಿತು.

7.59!

ಜೋಸಿ ಕಾರಿನಿಂದ ಜಿಗಿದು ಓಡಿ ಬಂದು ನೋಯಲ್‌ನನ್ನು ತಬ್ಬಿಕೊಂಡೇಬಿಟ್ಟಳು. ಆಮೇಲೆ ಎಚ್ಚರವಾಗಿ ಹಿಂದೆ ಸರಿದಳು. ಇಬ್ಬರೂ ನೆಲ ನೋಡಿದರು. ಅಮ್ಮ ರೋಸಾರಿಯಾ ಬೇಲಿಯ ಹತ್ತಿರ ಪಾಸ್ತಿತ್ಸಿ ಕಡುಬು ಹಂಚುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿ, ಏನೂ ಕಾಣದವಳಂತೆ ಮತ್ತೆ ಹಂಚತೊಡಗಿದಳು. ಗಿಣ್ಣು ತುಂಬಿದ್ದರಲ್ಲಿ ದೊಡ್ಡದು ಮಾತ್ರ ನೋಯಲ್‌ಗೆ ಬಂತು.

"ನೋಡ್ತಾ ಇರು," ಜೋಸಿ ಕಾರಿಗೆ ಒರಗಿ ಉಸಿರು ಬಿಡುತ್ತ ಹೇಳಿದಳು. "ಅಪ್ಪನ 7.41 ಮುಟ್ಟೇ ಮುಟ್ತೀನಿ."

ನೋಯಲ್‌ನ ನಗು ಆರಿತು. "ಜೋಸಿ... ಆ ನಂಬರ್ ಬಗ್ಗೆ ಒಂದು ಮಾತು..."

"ಆ ನಂಬರ್ ಇಲ್ದೇ ಹೋಗಿದ್ರೆ ನಾನು ಈ ಕಾರನ್ನ ಮುಟ್ತಾನೇ ಇರ್ಲಿಲ್ಲ ಗೊತ್ತಾ? ಅಪ್ಪ ಹೋದ ಮೇಲೆ ಆರು ತಿಂಗಳು ಶೆಡ್ಡಿನ ಬಾಗಿಲೇ ತೆಗೀಲಿಲ್ಲ. ಒಂದು ದಿನ ತೆಗೆದೆ, ಒಳಗೆ ಕೂತೆ, ಆ ನಂಬರ್ ನೋಡಿದೆ. ಅಪ್ಪ ಇಲ್ಲೇ ಇದ್ದಾರೆ ಅನ್ನಿಸ್ತು." ಅವಳು ಕಣ್ಣೊರೆಸಿಕೊಂಡಳು. "ಏನೋ ಹೇಳ್ತಾ ಇದ್ಯಲ್ಲ?"

"ಏನಿಲ್ಲ," ಎಂದ ನೋಯಲ್. "ಟೈರಿನ ಗಾಳಿ ಸ್ವಲ್ಪ ಇಳಿಸು."

* * *

ಕೊನೆಯ ರೇಸಿಗೆ ಒಂಬತ್ತು ದಿನವಿತ್ತು. ಅಪ್ಪ ಕ್ಲಚ್ ಬಗ್ಗೆ ಬರೆದಿಟ್ಟ ಟಿಪ್ಪಣಿ ಏನಾದರೂ ಸಿಗುತ್ತದೇನೋ ಎಂದು ಜೋಸಿ ಶೆಡ್ಡಿನಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಸಮಯ ಅಚ್ಚಾದ ಚೀಟಿಗಳು, ಮೂವತ್ತು ವರ್ಷದವು. 7.71, 7.64, 7.58... ಎಲ್ಲದರ ತಲೆಯಲ್ಲೂ 27.

ತಳದಲ್ಲಿ ಮಡಚಿಟ್ಟ ಒಂದು ಚೀಟಿ. 7.41!

ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಮತ್ತೆ ನೋಡಿದಳು.

ತಲೆಯಲ್ಲಿ 27 ಅಂತ ಇರಲಿಲ್ಲ. 27-ಬಿ ಅಂತ ಇತ್ತು!

ರೇಸಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನವನನ್ನು ಬಿಟ್ಟು ಇನ್ನೊಬ್ಬ ಓಡಿಸುವುದಾದರೆ ಕಿಟಕಿಯ ಗಾಜಿನ ಮೇಲೆ ನಂಬರಿನ ಪಕ್ಕ ಬಿಳಿ ಶೂ ಪಾಲಿಶಿನಲ್ಲಿ ಒಂದು ‘ಬಿ’ ಬರೆಯುತ್ತಾರೆ. ಕಾರು ಅದೇ, ಕೈ ಬೇರೆ. ಸಂಜೆ ಒರೆಸಿಬಿಡುತ್ತಾರೆ.

ಅಂದರೆ 7.41 ಅಪ್ಪನದಲ್ಲ... ಅಪ್ಪನದು 7.58! ಹಾಗಾದರೆ ಅಪ್ಪನ ಕಾರನ್ನು ಓಡಿಸಿದ್ದು ಯಾರು?

ಮರುದಿನ ಕ್ಲಬ್ಬಿನಲ್ಲಿ ಚೀಟಿಯ ಮೇಲಿದ್ದ ವರ್ಷದ ಸಹಿ ಪುಸ್ತಕ ತೆರೆಸಿದಳು. 27-ಬಿ: ಎನ್. ಸ್ಯಾಂಟೊ. ಪಟ್ಟಿ ಮುಚ್ಚುವ ಹೊತ್ತಿನ, ಜನರೆಲ್ಲ ಮನೆಗೆ ಹೋದ ಮೇಲಿನ ಓಟ.

ರೈಲು ಗದ್ದೆಯ ಪಕ್ಕದ, ಕಬ್ಬು ತುಂಬುವ ಹಳಿಗೆ ಬರುವಷ್ಟರಲ್ಲಿ ಜೋಸಿ ಅಲ್ಲಿ ನಿಂತಿದ್ದಳು. ನೋಯಲ್ ಇಳಿದ ಕೂಡಲೇ ಚೀಟಿಯನ್ನು ಅವನ ಎದೆಗೆ ಒತ್ತಿದಳು.

"ಇದು ನೀನಾ?"

ಅವನು ನೋಡಿದ. "ಹೌದು."

"ಎರಡು ತಿಂಗಳು ನನ್ನನ್ನ ನಿನ್ನ ನಂಬರಿನ ಹಿಂದೆ ಓಡಿಸ್ದೆ! ನಾನು ಅಪ್ಪ, ಅಪ್ಪ ಅಂತ ಅಳ್ತಾ ಇದ್ರೆ ಪಕ್ಕದಲ್ಲಿ ನಿಂತು ನೋಡ್ತಾ ಇದ್ಯಲ್ಲ! ಒಳಗೊಳಗೇ ನಗು ಬರ್ತಿತ್ತಾ?"

"ಜೋಸಿ, ಹಾಗಲ್ಲ..."

"ಹಾಗಾದ್ರೆ ಹೇಗೆ? ಅಪ್ಪ ಯಾಕೆ ನಿನ್ನ ಕೈಗೆ ಕಾರು ಕೊಟ್ರು? ಹೇಳು!"

"ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

ಅವನು ಚೀಟಿಯನ್ನು ಮಡಚಿ ಅವಳ ಕೈಗೇ ವಾಪಸ್ ಇಟ್ಟ. ಜೋಸಿ ತಿರುಗಿ ಹೊರಟಳು. ಕಬ್ಬಿನ ಸಾಲಿನ ನಡುವೆ ನಡೆಯುತ್ತ ಅವಳಿಗೆ ಎರಡು ದುಃಖ ಒಟ್ಟಿಗೆ ಬಂದವು. ಅಪ್ಪನ ನಂಬರ್ ಹೋಯಿತು. ಇವನೂ ಹೋದ... ಇವನು ತನಗೆ ಇಷ್ಟು ಬೇಕಾಗಿದ್ದ ಅಂತ ಇವನು ಹೋದ ಮೇಲೆಯೇ ತಿಳಿಯಬೇಕಾಗಿತ್ತೇ?

* * *

ರೇಸಿನ ಹಿಂದಿನ ದಿನ ಅಮ್ಮ ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು. ಜೋಸಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಎಂಟು ದಿನದಿಂದ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು.

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮ್ಮಪ್ಪನ ಎಡಗಾಲು ಆ ವರ್ಷವೇ ಸೋತಿತ್ತು ಕಣೇ. ಡಾಕ್ಟರಿಗೆ ತೋರಿಸೋಕೂ ಮುಂಚೆ."

"ಏನಮ್ಮಾ?! ನಮಗ್ಯಾಕೆ ಹೇಳ್ಲಿಲ್ಲ?"

"ನನಗೂ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಶೂ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಹಿಡೀತಿತ್ತು ಅಂತ ನಾನೇ ನೋಡ್ತಿದ್ದೆನಲ್ಲ, ಹೇಳಬೇಕಾ? ಕಾಲು ಹೋಗಿದೆ ಅಂತ ಸಾಲ್ವುಗೆ ಗೊತ್ತಾದ್ರೆ ಮಾರನೇ ದಿನವೇ ಗೇರ್‌ಬಾಕ್ಸ್ ಬಿಚ್ತಾನೆ ಅಂತ ಅವರಿಗೆ ಭಯ. ಯಾರ ಹತ್ರ ಮಾತು ತಗೊಂಡ್ರೋ ಅಂತಿದ್ದೆ. ಆ ಹುಡುಗನ ಹತ್ರಾನಾ..."

ಅಮ್ಮ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಆ ದಿನ ಸಂಜೆ ಮನೆಗೆ ಬಂದವರು ಇದೇ ಕುರ್ಚಿ ಮೇಲೆ ಕೂತು ಅತ್ತುಬಿಟ್ರು. ಸಂತೋಷಕ್ಕೆ! ‘ರೋಸಾ, ಮೂವತ್ತು ವರ್ಷ ಆ ಕಾರಿನ ಒಳಗೇ ಕೂತಿದ್ದೆ. ಇವತ್ತು ಮೊದಲನೇ ಸಲ ಹೊರಗಿಂದ ನೋಡಿದೆ ಕಣೇ. ಎಷ್ಟು ಚೆನ್ನಾಗಿದೆ ಗೊತ್ತಾ ಅದು...’ ಅಂದ್ರು. ಯಾರು ಓಡಿಸ್ತಾ ಇದ್ರು ಅಂತ ನಾನು ಕೇಳ್ಲಿಲ್ಲ."

ಜೋಸಿ ಮೇಜಿನ ಮೇಲಿದ್ದ ಚೀಟಿಯನ್ನು ಕೈಗೆತ್ತಿಕೊಂಡಳು. ಸತ್ತವರಿಗೆ ಕೊಟ್ಟ ಮಾತಿಗಾಗಿ ಅವಳ ಬೈಗುಳವನ್ನೆಲ್ಲ ತಿಂದು ಸುಮ್ಮನೆ ನಿಂತಿದ್ದ ಆ ಮುಖ ಕಣ್ಮುಂದೆ ಬಂತು.

* * *

ಭಾನುವಾರ. ಮೋಡ ಕವಿದ ತಂಪು ಬೆಳಿಗ್ಗೆ. ಎಂಜಿನ್ನಿಗೆ ಹೇಳಿ ಮಾಡಿಸಿದ ಗಾಳಿ.

ಮೊದಲ ಓಟ 7.62. ಗೇರು ಒಮ್ಮೆ ಕರ್ರ್ ಎಂದಿತ್ತು. ಎರಡನೆಯದು 7.49!

ಅಪ್ಪನ ನಿಜವಾದ ನಂಬರನ್ನು ಅವಳು ದಾಟಿದ್ದಳು. ಆದರೆ ಅದು ಗೊತ್ತಿದ್ದದ್ದು ಮೂರೇ ಜನಕ್ಕೆ.

"ಇನ್ನೊಂದೇ ಓಟ ಉಳಿದಿರೋದು," ಸಾಲ್ವು ಚಿಕ್ಕಪ್ಪ ಬಂದು ಬಾನೆಟ್ ತಟ್ಟಿದ. "ನಾಳೆ ಬೆಳಿಗ್ಗೆ ಎಂಟಕ್ಕೆ ಗೇರ್‌ಬಾಕ್ಸ್ ಬಿಚ್ಚೋಕೆ ಪಾನಾ ತಗೊಂಡು ಬರ್ತೀನಿ. ಬೇಜಾರು ಮಾಡ್ಕೋಬೇಡ ಪುಟ್ಟಾ, ನಿಮ್ಮಪ್ಪನ ಕೈ ಎಲ್ಲರಿಗೂ ಬರಲ್ಲ."

ಅವನು ಆ ಕಡೆ ಹೋದ ಮೇಲೆ ನೋಯಲ್ ಹತ್ತಿರ ಬಂದ. ಎಂಟು ದಿನದಿಂದ ಇಬ್ಬರೂ ಮಾತಾಡಿರಲಿಲ್ಲ.

"ನಾನು ಸಾಲ್ವುಗೆ ನಿಜ ಹೇಳಿಬಿಡ್ತೀನಿ ಜೋಸಿ. ನೀನು ನಿಮ್ಮಪ್ಪನ್ನ ಆಗಲೇ ದಾಟಿದ್ದೀಯ. ಗೇರ್‌ಬಾಕ್ಸ್ ಉಳಿಯತ್ತೆ."

"ಹೇಳಿದ್ರೆ ನೋಡು!"

ಸಾಲ್ವು ಕಡೆ ಹೊರಟವನು ತಿರುಗಿ ನೋಡಿದ.

"ಅಪ್ಪನ ಕಾಲಿನ ವಿಷಯ ಅಮ್ಮ ಹೇಳಿದ್ರು," ಎಂದಳು ಜೋಸಿ, ಹೆಲ್ಮೆಟ್ ಬಿಗಿಯುತ್ತ. "ಕೊಟ್ಟ ಮಾತು ಉಳಿಸ್ಕೋ ನೋಯಲ್. ಅಪ್ಪನ ನಂಬರ್ ಅಪ್ಪನ ಹತ್ರಾನೇ ಇರಲಿ, ಊರೆಲ್ಲ ಹಾಗೇ ಅಂದ್ಕೊಳ್ಳಲಿ. ನನಗೆ ಬೇಕಾಗಿರೋದು ನಿನ್ನ ನಂಬರ್. ನಿನ್ನನ್ನೇ ಸೋಲಿಸ್ತೀನಿ. ಈಗ ಪಕ್ಕಕ್ಕೆ ಸರಿ!"

ಅವನು ಸರಿದ. ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ಜೋಸಿ ಕನ್ನಡಿಯಲ್ಲಿ ನೋಡಿದಳು.

ನೀರಿನಲ್ಲಿ ಟೈರು ತಿರುಗಿಸಿ ಬಿಸಿ ಮಾಡಿದಳು. ಬಿಳಿ ಹೊಗೆ ಕಾರನ್ನೆಲ್ಲ ಮುಚ್ಚಿತು. ಹೊಗೆಯೊಳಗಿಂದ ನೋಯಲ್‌ನ ಎರಡು ಕೈಗಳು ಮಾತ್ರ ಕಂಡವು... ಬಾ, ಬಾ, ಇನ್ನೂ ಸ್ವಲ್ಪ, ಸಾಕು.

ಮೊದಲನೇ ಪುಟ್ಟ ದೀಪ. ಎರಡನೆಯದು ಮಿಣುಕಿತು. ನಿಂತಳು.

ಕ್ಲಚ್ಚನ್ನು ಕಚ್ಚುವ ಜಾಗಕ್ಕೆ ತಂದಳು. ಕಾರು ಮೈ ಬಿಗಿ ಮಾಡಿತು. ಟಕ್... ಟಕ್... ಎಲ್ಲೋ ದೂರದ ಇಬ್ಬನಿಯ ಹಳಿಯ ಮೇಲಿನ ಕೊನೆಯ ಕೊಂಡಿ ಅವಳ ಅಂಗಾಲಿಗೆ ಕೇಳಿಸಿತು. ನೋಯಲ್ ಹಿಂದಿನ ಚಕ್ರದ ಪಕ್ಕ ಕೂತಿದ್ದ.

ಹಳದಿ. ಹಸಿರು!

ಚಕ್ರ ಜಾರಲಿಲ್ಲ. ನೆಲವೇ ಕಾರನ್ನು ಎತ್ತಿ ಎಸೆದಂತಾಯಿತು. ಮುಂದೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಎಳೆತ ತುದಿ ಮುಟ್ಟಿತು, ಅಂಗೈ ತಾನೇ ಇಳಿಯಿತು, ಎರಡು. ಮತ್ತೆ ತುದಿ... ಬಿಚ್ಚಿದ ಅಂಗೈಯಲ್ಲಿ ಮೇಲಕ್ಕೆ, ಮೂರು. ಗೇರು ತನ್ನ ದಾರಿಯನ್ನು ತಾನೇ ಹಿಡಿಯಿತು! ಸದ್ದೆಲ್ಲ ಎಲ್ಲಿಗೋ ಹೋಗಿ ಒಳಗೆ ದೇವರ ಮನೆಯಷ್ಟು ಮೌನ. ಡ್ಯಾಶ್‌ಬೋರ್ಡಿನ ಮೇಲಿನ ಬಿಳಿ ಅಕ್ಷರಗಳು ಮಾತ್ರ ಕಣ್ಣಮುಂದೆ ನಡುಗುತ್ತಿದ್ದವು. ನಾಲ್ಕು...

ಗೆರೆ ದಾಟಿತ್ತು.

ನಿಧಾನವಾಗಿ ತಿರುಗಿ ಬರುವ ದಾರಿಯಲ್ಲಿ ಸಮಯದ ಗೂಡಿನಿಂದ ಕೈಯೊಂದು ಚೀಟಿ ಚಾಚಿತು. ಜೋಸಿ ಎರಡು ಸಲ ಓದಿದಳು. ಮೂರನೇ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿಹೋಗಿತ್ತು.

7.39.

ಸಾಲ್ವು ಚಿಕ್ಕಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದ.

"ಅಣ್ಣನ ನಂಬರ್ ಮುರಿದುಬಿಟ್ಯಲ್ಲೇ..."

"ಹ್ಞೂಂ ಚಿಕ್ಕಪ್ಪ," ಎಂದಳು ಜೋಸಿ. "ಅಪ್ಪನ ಕೈ ಅಷ್ಟು ಸುಲಭಕ್ಕೆ ಬರಲ್ಲ."

"ಇನ್ನು ಆ ಗೇರ್‌ಬಾಕ್ಸನ್ನ ಯಾರಾದ್ರೂ ಮುಟ್ಟಿದ್ರೆ ಅವರ ಕೈ ಮುರೀತೀನಿ!" ಆತ ಮೂಗೊರೆಸಿಕೊಂಡು ಸುತ್ತಲೂ ಗದರಿದ, ಯಾರೋ ಮುಟ್ಟಲು ಬಂದವರಂತೆ.

ರೇಸು ಮುಗಿದಿತ್ತು. ಪಟ್ಟಿ ಮುಚ್ಚುವ ಮುಂಚೆ ಯಾರು ಬೇಕಾದರೂ ಒಂದು ಓಟ ಓಡಬಹುದು. ಜೋಸಿ ಬಿಳಿ ಶೂ ಪಾಲಿಶ್ ತೆಗೆದುಕೊಂಡು ಕಾರಿನ ಕಿಟಕಿಗೆ ಬಗ್ಗಿ, 27ರ ಪಕ್ಕ ದುಂಡಗೆ ಒಂದು ‘ಬಿ’ ಬರೆದಳು. ಹೆಲ್ಮೆಟ್ಟನ್ನು ನೋಯಲ್‌ನ ಕೈಗೆ ಇಟ್ಟಳು.

"ಹತ್ತು."

"ನಾನಾ?"

"ನಾನೂ ಒಂದು ಸಲ ಹೊರಗಿಂದ ನೋಡಬೇಕು. ಅಪ್ಪ ಎಲ್ಲಿ ನಿಂತಿದ್ರು?"

ಅವನು ಬೇಲಿಯ ಮೂರನೇ ಕಂಬ ತೋರಿಸಿದ.

ಜೋಸಿ ಆ ಕಂಬಕ್ಕೆ ಕೈ ಇಟ್ಟು ನಿಂತಳು. ಹಸಿರು ದೀಪ ಹತ್ತಿತು. ಕಿತ್ತಳೆ ಕಾರು ಹಿಂಗಾಲಿನ ಮೇಲೆ ಕುಳಿತಂತೆ ತಗ್ಗಿ, ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಅಂಗೈಯಷ್ಟು ಎತ್ತಿ, ಗಾಳಿಯನ್ನು ಸೀಳಿಕೊಂಡು ಅವಳ ಮುಂದೆ ಹಾದುಹೋಯಿತು. ಕಂಬ ನಡುಗಿತು, ಅವಳ ಮೈ ನಡುಗಿತು, ಹಿಂದಿನ ಕಬ್ಬಿನ ಗರಿಗಳೆಲ್ಲ ನಡುಗಿದವು. ಅಯ್ಯೋ, ಇದರ ಒಳಗಾ ನಾನಿದ್ದೆ! ಇದನ್ನಾ ಅಪ್ಪ ನೋಡಿದ್ದು! ಅವಳು ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ನೋಯಲ್ ವಾಪಸ್ ಬಂದು ಇಳಿದ. "ಎಷ್ಟು ಬಂತು?"

"ನೋಡ್ಲಿಲ್ಲ."

"ಸಮಯ ತೋರಿಸೋ ಬೋರ್ಡು ಅಷ್ಟು ದೊಡ್ಡದಿದೆ!"

"ಕಾರು ನೋಡ್ತಾ ಇದ್ದೆ." ಅವಳು ಅವನ ಹತ್ತಿರ ಬಂದಳು. "ಅವತ್ತು ನೀನು ಹೀಗೆ ವಾಪಸ್ ಬಂದಾಗ ಅಪ್ಪ ಏನಂದ್ರು?"

"ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ರು. ಆಮೇಲೆ... ‘ನನ್ನ ಮಗಳು ಯಾವತ್ತಾದ್ರೂ ಇದನ್ನ ಗೆರೆಗೆ ತಂದ್ರೆ, ಅವಳ ಚಕ್ರದ ಮೇಲೆ ಒಂದು ಕಣ್ಣಿಡಪ್ಪ’ ಅಂದ್ರು."

ಜೋಸಿಯ ಹುಬ್ಬು ಗಂಟಿಕ್ಕಿತು. "ಅಂದ್ರೆ ಅಪ್ಪ ಹೇಳಿದ್ರು ಅಂತ ಬಂದ್ಯಾ?"

"ಎಣ್ಣೆ ಹನಿ ನೋಡಿದ ದಿನ, ಹೌದು."

"ಆಮೇಲೆ?"

"ಸೀಲ್ ತಂದುಕೊಟ್ಟ ದಿನದಿಂದ ನನಗೋಸ್ಕರಾನೇ ಬಂದೆ." ಅವನ ದನಿ ಇಳಿಯಿತು. "ನಿನ್ನನ್ನ ನೋಡೋಕೆ. ಚಕ್ರ ನೋಡೋದನ್ನ ಬಿಟ್ಟು ಬಹಳ ದಿನ ಆಯ್ತು ಜೋಸಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವನ ಎದೆಗೆ ಹಣೆ ಒತ್ತಿ ನಿಂತಳು. ಅವನ ಅಂಗಿಯಲ್ಲಿ ಸುಟ್ಟ ರಬ್ಬರ್ ಮತ್ತು ಕಬ್ಬಿನ ವಾಸನೆ.

"ನನಗೂ ಹಾಗೇ ಆಗಿದೆ ಕಣೋ. ಮುಂಚೆ ಹೇಳೋಕೆ ಆಗ್ಲಿಲ್ವಾ ನಿನಗೆ?"

"ನೀನು ಬೈಯೋಕೆ ಬಿಡುವು ಕೊಟ್ಟಿದ್ರೆ ತಾನೇ!"

ಅವಳು ಅವನ ಎದೆಗೆ ಮೆಲ್ಲಗೆ ಗುದ್ದಿದಳು. ಬೇಲಿಯ ಆಚೆಯಿಂದ ಅಮ್ಮ ಕೂಗಿದಳು, ಪಾಸ್ತಿತ್ಸಿ ಆರಿಹೋಗುತ್ತದೆ, ಇಬ್ಬರೂ ಬನ್ನಿ ಅಂತ. ನೋಯಲ್ ಸೊಂಟದಿಂದ ಒರೆಸುವ ಬಟ್ಟೆ ತೆಗೆದು ಕಿಟಕಿಯ ಗಾಜಿನ ಕಡೆ ಬಗ್ಗಿದ.

ಜೋಸಿ ಅವನ ಮಣಿಕಟ್ಟು ಹಿಡಿದಳು.

"ಏನು? ಸಂಜೆ ಆಯ್ತಲ್ಲ, ‘ಬಿ’ ಒರೆಸೋದು ಬೇಡ್ವಾ?"

"ಬೇಡ," ಎಂದಳು ಜೋಸಿ. "ಇರಲಿ ಬಿಡು."